ಕೆರೆಯ ದಂಡೆಯ ಪಾಠಶಾಲೆ: ಸೊಲ್ಲಾಪುರದ ಸಿದ್ಧೇಶ್ವರ ಕೆರೆಯಲ್ಲಿ ನಿಸರ್ಗ ಮತ್ತು ಇತಿಹಾಸ

ಊರ ನಡುವೆ ಒಂದು ಕೆರೆ, ಅದರ ಪಕ್ಕದಲ್ಲಿ ಒಂದು ಉದ್ಯಾನ, ರವಿವಾರದ ಸಂಜೆ ಮಕ್ಕಳು ಮರಿಗಳೊಡನೆ ಅಲ್ಲಿಗೆ ಬರುವ ಕುಟುಂಬಗಳು. ದಖ್ಖಣದ ಅನೇಕ ಊರುಗಳಲ್ಲಿ ಈ ನೋಟ ಕಾಣಸಿಗುತ್ತದೆ. ಬಂದವರು ತಂಗಾಳಿಗೆ ಮೈಯೊಡ್ಡಿ ಕೂಡುತ್ತಾರೆ, ಶೇಂಗಾ ಸುಲಿಯುತ್ತ ಮಾತನಾಡುತ್ತಾರೆ, ಕತ್ತಲಾದೊಡನೆ ಮನೆಗೆ ಮರಳುತ್ತಾರೆ. ಆ ನೀರು ಅಲ್ಲಿ ನಿಂತದ್ದು ಹೇಗೆ, ಅದನ್ನು ನಿಲ್ಲಿಸಿದವರು ಯಾರು, ಅದರಲ್ಲಿ ಬಾಳುವ ಜೀವಿಗಳು ಯಾವುವು ಎಂಬ ಪ್ರಶ್ನೆಗಳು ಬಹುಮಟ್ಟಿಗೆ ಯಾರ ಬಾಯಲ್ಲಿಯೂ ಬರುವುದಿಲ್ಲ. ಆ ಪ್ರಶ್ನೆಗಳನ್ನು ಹಿರಿಯರೂ ಕಿರಿಯರೂ ಕೂಡಿಯೇ ಕೇಳುವಂತೆ ಮಾಡುವ ನಿಸರ್ಗ ಮತ್ತು ಇತಿಹಾಸದ ಕಾರ್ಯಕ್ರಮಗಳು ಜಗತ್ತಿನ ಹಲವು ಉದ್ಯಾನಗಳಲ್ಲಿ ರೂಢಿಗೆ ಬಂದಿವೆ. ಅವು ಹುಟ್ಟಿದ ಬಗೆ ಯಾವುದು, ಅವುಗಳ ತತ್ತ್ವವೇನು, ಸೊಲ್ಲಾಪುರದ ಸಿದ್ಧೇಶ್ವರ ಕೆರೆಯಂಥ ಸ್ಥಳದಲ್ಲಿ ಅವು ಯಾವ ರೂಪವನ್ನು ತಾಳಬಹುದು, ಅದರಲ್ಲಿ ಕನ್ನಡ ಐಚ್ಛಿಕ ವಿದ್ಯಾರ್ಥಿಯ ಪಾಲು ಎಷ್ಟು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸರೋವರದ ದಂಡೆಯಿಂದ ಆರಂಭ

ಈ ಬಗೆಯ ಕಾರ್ಯಕ್ರಮಗಳ ಚರಿತ್ರೆಯಲ್ಲಿ ಒಂದು ಸರೋವರಕ್ಕೆ ವಿಶೇಷ ಸ್ಥಾನವಿದೆ. ಅಮೇರಿಕೆಯ ಕ್ಯಾಲಿಫೋರ್ನಿಯಾ ರಾಜ್ಯದ ಟಾಹೊ ಸರೋವರದ ಪ್ರದೇಶದಲ್ಲಿ 1919ರ ಬೇಸಿಗೆಯಲ್ಲಿ ಲಾಯ್ ಮಿಲ್ಲರ್ ಮತ್ತು ಹೆರಾಲ್ಡ್ ಬ್ರಯಂಟ್ ಎಂಬ ಇಬ್ಬರು ಪ್ರಾಣಿಶಾಸ್ತ್ರಜ್ಞರು ರಜೆಗೆಂದು ಬಂದ ಕುಟುಂಬಗಳನ್ನು ಹಗಲಿನಲ್ಲಿ ದಂಡೆಯುದ್ದಕ್ಕೂ ಅಡ್ಡಾಡಿಸಿ, ಹಕ್ಕಿ, ಗಿಡ, ಕಲ್ಲುಗಳ ಪರಿಚಯ ಮಾಡಿಕೊಟ್ಟರು. ಸಂಜೆ ಉಪನ್ಯಾಸಗಳನ್ನು ನೀಡಿದರು. ಆ ದೇಶದ ರಾಷ್ಟ್ರೀಯ ಉದ್ಯಾನಗಳ ಮೊದಲ ನಿರ್ದೇಶಕ ಸ್ಟೀಫನ್ ಮ್ಯಾಥರ್ ಜನರ ಉತ್ಸಾಹವನ್ನು ಕಣ್ಣಾರೆ ಕಂಡು ಅವರಿಬ್ಬರನ್ನೂ ಯೊಸೆಮಿಟಿ ಉದ್ಯಾನಕ್ಕೆ ಆಹ್ವಾನಿಸಿದನು. 1920ರಲ್ಲಿ ಅಲ್ಲಿ ಉಚಿತ ನಿಸರ್ಗ ಮಾರ್ಗದರ್ಶನ ಸೇವೆ ಆರಂಭವಾಯಿತು. ಮುಂದೆ ಅದು ಉದ್ಯಾನಗಳ ನಿತ್ಯದ ಕೆಲಸಗಳಲ್ಲಿ ಒಂದಾಯಿತು.

ಈ ಕೆಲಸಕ್ಕೆ ಒಂದು ಶಾಸ್ತ್ರದ ರೂಪವನ್ನು ಕೊಟ್ಟವನು ಫ್ರೀಮನ್ ಟಿಲ್ಡನ್. 1957ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಆರು ಸೂತ್ರಗಳನ್ನು ಹೇಳಿದ್ದಾನೆ. ಅವುಗಳಲ್ಲಿ ಮೂರು ಇಲ್ಲಿ ಮುಖ್ಯವಾಗುತ್ತವೆ. ಮೊದಲನೆಯದು, ತೋರಿಸುವ ವಸ್ತುವಿಗೂ ಕೇಳುಗನ ಬಾಳಿಗೂ ನಂಟು ಕಟ್ಟದ ಮಾತು ಬರಡು. ಎರಡನೆಯದು, ಮಾರ್ಗದರ್ಶಕನ ಗುರಿ ಕೇಳುಗನ ಬುದ್ಧಿಯನ್ನು ಕೆಣಕುವುದು. ಉಪದೇಶ ಆ ಬಳಿಕದ ಮಾತು. ಮೂರನೆಯದು, ದೊಡ್ಡವರಿಗೆ ಹೇಳುವುದನ್ನೇ ನೀರು ಬೆರೆಸಿ ತೆಳುಮಾಡಿ ಮಕ್ಕಳಿಗೆ ಬಡಿಸಬಾರದು; ಮಕ್ಕಳಿಗೆ ಬೇರೆಯೇ ಒಂದು ದಾರಿ ಬೇಕು.

ಕನ್ನಡದ ವಿದ್ಯಾರ್ಥಿಗೆ ಈ ವಿಚಾರ ಪೂರ್ತಿ ಹೊಸದೆನಿಸಲಾರದು. ಗಮಕ ಕಲೆಯಲ್ಲಿ ಒಬ್ಬರು ಕಾವ್ಯವನ್ನು ರಾಗವಾಗಿ ವಾಚಿಸಿದರೆ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಒಳ್ಳೆಯ ವ್ಯಾಖ್ಯಾನಕಾರನು ಶಬ್ದಾರ್ಥವನ್ನು ಒಪ್ಪಿಸಿ ಸುಮ್ಮನಾಗುವುದಿಲ್ಲ. ಮುಂದೆ ಕುಳಿತ ಒಕ್ಕಲಿಗನ, ಗೃಹಿಣಿಯ, ಹುಡುಗನ ಅನುಭವಕ್ಕೆ ಪದ್ಯವನ್ನು ತಂದು ಮುಟ್ಟಿಸುತ್ತಾನೆ. ಉದ್ಯಾನದ ಕಾರ್ಯಕ್ರಮದಲ್ಲಿ ಕಾವ್ಯದ ಸ್ಥಾನದಲ್ಲಿ ಕೆರೆ ಇರುತ್ತದೆ. ಉಳಿದ ಕೆಲಸ ವ್ಯಾಖ್ಯಾನಕಾರನದೇ.

ನೀರಿನ ಕಥೆ

ಸಿದ್ಧೇಶ್ವರ ಕೆರೆಯ ಸುತ್ತ ಒಂದೇ ನಡಿಗೆಯಲ್ಲಿ ನೋಡಬಹುದಾದ ಸ್ಥಳಗಳು ಹಲವು. ನೀರಿನ ನಡುವೆ ಸಿದ್ಧರಾಮನ ಗುಡಿ ಮತ್ತು ಸಮಾಧಿ, ಪಶ್ಚಿಮ ದಂಡೆಗೆ ಭುಯಿಕೋಟ ಕಿಲ್ಲೆ, ಕಿಲ್ಲೆಗೆ ಹೊಂದಿಕೊಂಡು ಹುತಾತ್ಮ ಬಾಗ. ಆದರೂ ನಡಿಗೆ ನೀರಿನಿಂದಲೇ ಆರಂಭವಾಗಬೇಕು.

ಸೊಲ್ಲಾಪುರವು ಮಳೆನೆರಳಿನ ನಾಡು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾರಸ ಗಟ್ಟಿಯಾಗಿ ಇಲ್ಲಿಯ ಕಪ್ಪು ಕಲ್ಲಾಯಿತು. ಆ ಕಲ್ಲು ಸವೆದು ಎರೆಮಣ್ಣಾಯಿತು. ಎರೆಮಣ್ಣು ಮಳೆಗೆ ಉಬ್ಬಿ ಜಿಗುಟಾಗುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಮಳೆಯ ಬಹುಭಾಗ ಜೂನದಿಂದ ಸಪ್ಟೆಂಬರದವರೆಗೆ ಸುರಿಯುತ್ತದೆ. ಅದರಲ್ಲಿಯೂ ಸಪ್ಟೆಂಬರದ ಪಾಲು ದೊಡ್ಡದು. ಇಂಥ ನಾಡಿನಲ್ಲಿ ನಾಲ್ಕು ತಿಂಗಳ ನೀರನ್ನು ಹನ್ನೆರಡು ತಿಂಗಳಿಗೆ ಒದಗಿಸುವ ಉಪಾಯವೇ ಕೆರೆ. ಅದಕ್ಕಾಗಿ ಜನರು ತಗ್ಗನ್ನು ಗುರುತಿಸಿ, ಮಣ್ಣು ಅಗೆದು, ಏರಿ ಹಾಕಿ, ನೀರು ಬಿಡಲು ತೂಬನ್ನೂ ಹೆಚ್ಚಿನ ನೀರು ಹೊರಹೋಗಲು ಕೋಡಿಯನ್ನೂ ಇರಿಸಿದರು. ಆದ್ದರಿಂದ ಇಲ್ಲಿ ನಿಸರ್ಗದ ಪಾಠ ಬೇರೆ, ಇತಿಹಾಸದ ಪಾಠ ಬೇರೆ ಎಂದು ಹಂಚಲು ಬರುವುದಿಲ್ಲ. ಮನುಷ್ಯನು ನೀರು ನಿಲ್ಲಿಸಿದ ಮೇಲೆಯೇ ಇಲ್ಲಿಗೆ ಜೊಂಡು ಬಂದಿತು. ಜೊಂಡಿನ ಬೆನ್ನ ಹಿಂದೆ ಹಕ್ಕಿ ಬಂದಿತು.

ಮಕ್ಕಳಿಗೆ ಈ ಸಂಗತಿಯನ್ನು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಕೈಯಿಂದ ಮಾಡಿಸುವುದು ಲೇಸು. ಒಂದು ಪರಾತಿನಲ್ಲಿ ಎರೆಮಣ್ಣು ಹರಡಿ, ಒಂದು ಬದಿಯನ್ನು ಎತ್ತರಿಸಿ, ತಂಬಿಗೆಯಿಂದ ನೀರು ಸುರಿದರೆ ಅದು ಎಲ್ಲಿ ಓಡುತ್ತದೆ, ಎಲ್ಲಿ ಒಡ್ಡು ಹಾಕಿದರೆ ನಿಲ್ಲುತ್ತದೆ, ಕೋಡಿ ಬಿಡದಿದ್ದರೆ ಒಡ್ಡು ಹೇಗೆ ಒಡೆಯುತ್ತದೆ ಎಂಬುದು ಹತ್ತೇ ನಿಮಿಷದಲ್ಲಿ ತಿಳಿಯುತ್ತದೆ. ಆರು ವರ್ಷದ ಮಗುವಿಗೆ ಅದು ಆಟ. ಬದುವು ಹಾಕಿ ಬಲ್ಲ ಅಜ್ಜನಿಗೆ ತಾನು ಬಲ್ಲದ್ದನ್ನು ಹೇಳಿಕೊಡುವ ಅವಕಾಶ.

ಹಕ್ಕಿಗೆ ಎರಡು ಹೆಸರು

ದಖ್ಖಣದ ಕೆರೆಗಳಲ್ಲಿ ಸಾಮಾನ್ಯವಾಗಿ ಕಾಣುವ ಹಕ್ಕಿಗಳ ಪರಿಚಯ ನಡಿಗೆಯ ಎರಡನೆಯ ಭಾಗ. ನೀರಮೇಲೆ ತೇಲುತ್ತಿದ್ದು ಒಮ್ಮೆಲೇ ಮುಳುಗಿ ದೂರದಲ್ಲಿ ಏಳುವ ಪುಟ್ಟ ಹಕ್ಕಿಯನ್ನು ಕನ್ನಡದಲ್ಲಿ ಗುಳುಮುಳುಕ ಎನ್ನುತ್ತಾರೆ, ಮರಾಠಿಯಲ್ಲಿ ಟಿಬುಕಲೀ ಎನ್ನುತ್ತಾರೆ. ಎರಡೂ ಹೆಸರುಗಳಲ್ಲಿ ನೀರಿನ ಸಪ್ಪಳವಿದೆ. ಈ ಹಕ್ಕಿ ತನ್ನ ಮರಿಗಳನ್ನು ಬೆನ್ನ ಮೇಲೆ ಹೊತ್ತು ಈಜುತ್ತದೆ ಎಂದರೆ ಸಾಕು, ಮಕ್ಕಳ ಕಣ್ಣು ನೀರಿನಿಂದ ಕದಲುವುದಿಲ್ಲ. ಹಳದಿ ತುದಿಯ ಕೊಕ್ಕೂ ಅದರ ಬುಡದಲ್ಲಿ ಕೆಂಪು ಬೊಟ್ಟೂ ಉಳ್ಳ ಬಾತಿಗೆ ಮರಾಠಿಯಲ್ಲಿ ಹಳದಿಕುಂಕೂ ಎಂಬ ಸುಂದರ ಹೆಸರಿದೆ. ಮೈಯೆಲ್ಲ ಕಪ್ಪಾಗಿ ಹಣೆಯ ಮೇಲೆ ಬಿಳಿಯ ಪಟ್ಟಿಯಿರುವ ಹಕ್ಕಿ ಕನ್ನಡಿಗರಿಗೆ ನಾಮದ ಕೋಳಿ, ಮರಾಠಿಗರಿಗೆ ವಾರಕರಿ. ಎರಡು ಭಾಷೆಗಳ ಜನ ಬೇರೆ ಬೇರೆ ದಂಡೆಗಳಲ್ಲಿ ನಿಂತು ಒಂದೇ ಹಕ್ಕಿಯನ್ನು ನೋಡಿದರು. ಇಬ್ಬರಿಗೂ ಅದರಲ್ಲಿ ಒಬ್ಬ ಭಕ್ತನೇ ಕಂಡನು. ತೌಲನಿಕ ಅಧ್ಯಯನಕ್ಕೆ ಇದಕ್ಕಿಂತ ಸರಳವಾದ ಪ್ರವೇಶ ಇರಲಾರದು.

ಚಳಿಗಾಲದಲ್ಲಿ ದಖ್ಖಣದ ಕೆರೆಗಳಿಗೆ ದೂರದೇಶದ ಹಕ್ಕಿಗಳೂ ಬರುತ್ತವೆ. ತಲೆಯ ಮೇಲೆ ಎರಡು ಕರಿಯ ಪಟ್ಟೆಗಳಿರುವ ಹೆಬ್ಬಾತು ಮಂಗೋಲಿಯಾ, ಟಿಬೇಟಗಳಲ್ಲಿ ಮರಿಮಾಡಿ ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಇಳಿಯುತ್ತದೆ. ನವೆಂಬರದಿಂದ ಫೆಬ್ರುವರಿಯವರೆಗಿನ ಬೆಳಗಿನ ಹೊತ್ತು ನಡಿಗೆಗೆ ಯೋಗ್ಯವಾದುದಕ್ಕೆ ಈ ಅತಿಥಿಗಳೂ ಒಂದು ಕಾರಣ.

ನೀರಿನ ಆರೋಗ್ಯವನ್ನೂ ಇಲ್ಲಿಯೇ ವಿವರಿಸಬೇಕು. ಗಟಾರದ ನೀರು, ಹೂವಿನ ನಿರ್ಮಾಲ್ಯ, ತಿಂದುಳಿದ ಅನ್ನ ಇವು ಕೆರೆಗೆ ಸೇರಿದರೆ ಪಾಚಿಗೆ ಗೊಬ್ಬರವಾಗುತ್ತವೆ. ಹೆಚ್ಚಿ ಹರಡಿದ ಪಾಚಿ ಸತ್ತು ಕೊಳೆಯುವಾಗ ನೀರಿನಲ್ಲಿ ಕರಗಿದ ಪ್ರಾಣವಾಯು ಖರ್ಚಾಗುತ್ತದೆ. ಕಡೆಗೆ ಮೀನುಗಳು ಉಸಿರು ಕಟ್ಟಿ ಸಾಯುತ್ತವೆ. ಹಕ್ಕಿಗೆಂದು ಬ್ರೆಡ್ಡನ್ನು ಎಸೆಯುವ ಮಗುವಿಗೂ ಹೂವನ್ನು ನೀರಿಗೆ ಬಿಡುವ ತಾಯಿಗೂ ಇದನ್ನು ತಪ್ಪು ಹೊರಿಸುವ ಧ್ವನಿಯಲ್ಲಿ ಹೇಳಬಾರದು. ಕಾರ್ಯಕಾರಣವನ್ನು ತೋರಿಸಿದರೆ ಸಾಕು, ನಿರ್ಣಯವನ್ನು ಅವರೇ ಮಾಡುತ್ತಾರೆ.

ಕೆರೆ ಕಟ್ಟಿದವನೊಡನೆ ಒಂದು ವಾದ

ಹನ್ನೆರಡನೆಯ ಶತಮಾನದ ಸೊನ್ನಲಿಗೆಯ ಸಿದ್ಧರಾಮನು ಈ ಕೆರೆಯನ್ನು ಕಟ್ಟಿಸಿದನೆಂದು ಪರಂಪರೆ ಹೇಳುತ್ತದೆ. ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದ ಅವನ ವಚನಗಳು ಐಚ್ಛಿಕ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಬಾಲಕನಾಗಿದ್ದಾಗ ಮಲ್ಲಯ್ಯನನ್ನು ಅರಸುತ್ತ ಶ್ರೀಶೈಲಕ್ಕೆ ಹೋದ ಅವನ ಕಥೆಯನ್ನು ಮಕ್ಕಳಿಗೆ ಗುಡಿಯ ಕಟ್ಟೆಯ ಮೇಲೆ ಕುಳ್ಳಿರಿಸಿ ಹೇಳಬಹುದು. ದೊಡ್ಡವರಿಗೆ ಇನ್ನೊಂದು ಕಥೆಯಿದೆ. ಟಿಲ್ಡನ್ ಹೇಳಿದ ಕೆಣಕುವಿಕೆಗೆ ಅದು ಸರಿಯಾದ ಉದಾಹರಣೆ.

ರಾಘವಾಂಕನು ತನ್ನ ಸಿದ್ಧರಾಮ ಚಾರಿತ್ರದಲ್ಲಿ ಕೆರೆ ಗುಡಿಗಳನ್ನು ಕಟ್ಟಿಸಿದ ಶಿವಯೋಗಿಯನ್ನು ಭಕ್ತಿಯಿಂದ ಚಿತ್ರಿಸುತ್ತಾನೆ. ಶೂನ್ಯಸಂಪಾದನೆಯಲ್ಲಿ ಅದೇ ಕೆರೆಯ ದಂಡೆಗೆ ಅಲ್ಲಮಪ್ರಭು ಬರುತ್ತಾನೆ. ಸಾವಿರಾರು ಜನ ಮಣ್ಣು ಹೊರುತ್ತಿರುವಾಗ ಅವನು ಒಡ್ಡರಾಮನೆಲ್ಲಿ ಎಂದು ಕೇಳುತ್ತಾನೆ. ಗುರುವನ್ನು ಹೀಗಳೆದನೆಂದು ಕೆರಳಿದ ಕೆಲಸಗಾರರು ಕಲ್ಲು ಬೀರುತ್ತಾರೆ. ಕಲ್ಲುಗಳು ಅವನಿಗೆ ತಾಗುವುದಿಲ್ಲ. ಬಳಿಕ ಸಿದ್ಧರಾಮನೇ ಎದುರಿಗೆ ಬಂದಾಗ ಹೊರಗಣ ಕೆರೆಯನ್ನು ಕಟ್ಟುವವನು ತನ್ನೊಳಗನ್ನು ಅರಿತಿರುವನೇ ಎಂಬ ಪ್ರಶ್ನೆಯ ಸುತ್ತ ಸಂವಾದ ಬೆಳೆಯುತ್ತದೆ. ಅದು ಮುಂದೆ ಸಿದ್ಧರಾಮನನ್ನು ಕಲ್ಯಾಣಕ್ಕೆ ಕರೆದೊಯ್ಯುತ್ತದೆ.

ತರಗತಿಯ ಕೋಣೆಯಲ್ಲಿ ಈ ಪ್ರಸಂಗ ಪರೀಕ್ಷೆಯ ಒಂದು ಪ್ರಶ್ನೆಯಷ್ಟೇ ಆಗಿ ಉಳಿಯುವ ಅಪಾಯವಿದೆ. ನೀರಿನೆದುರು ನಿಂತಾಗ ಅದರ ತೂಕ ಬೇರೆ. ಎಂಟು ನೂರು ವರ್ಷ ಜನ ದನಗಳ ಬಾಯಾರಿಕೆ ತಣಿಸಿದ ಕೆಲಸ ದೊಡ್ಡದೋ, ಅಲ್ಲಮನ ಪ್ರಶ್ನೆ ದೊಡ್ಡದೋ? ಕೆರೆ ಕಟ್ಟಿದ ಪುಣ್ಯದ ಹೆಮ್ಮೆ ಬಂಧನವಾಗುವುದಾದರೆ, ಕೆರೆಯನ್ನು ಕಟ್ಟದೆ ಬಿಡುವುದು ಬಿಡುಗಡೆಯೇ? ಈ ಪ್ರಶ್ನೆಯನ್ನು ಒಂದು ಕುಟುಂಬದ ಮುಂದಿಟ್ಟರೆ ಅಜ್ಜಿ ಒಂದು ಉತ್ತರ ಕೊಡುತ್ತಾಳೆ, ಮೊಮ್ಮಗಳು ಇನ್ನೊಂದು. ಮಾರ್ಗದರ್ಶಕನು ತೀರ್ಪು ನೀಡಬೇಕಾಗಿಲ್ಲ. ಕಲ್ಲು ಬೀರಿದ ಕೆಲಸಗಾರರೂ ಆ ಕಥೆಯಲ್ಲಿದ್ದಾರೆ ಎಂಬುದನ್ನು ನೆನಪಿಸಿದರೆ ಸಾಕು. ಕೆರೆಯನ್ನು ನಿಜವಾಗಿ ಅಗೆದ ಕೈಗಳು ಅವರವು.

ಕಿಲ್ಲೆ ಮತ್ತು ಬಾಗ

ಸಿದ್ಧರಾಮನು ಬಾಯಾರಿದವರಿಗಾಗಿ ನಿಲ್ಲಿಸಿದ ನೀರು ಬಹಮನಿ ಕಾಲದಲ್ಲಿ ಕೋಟೆಗೆ ಕಾವಲಾಯಿತು. ಭುಯಿಕೋಟ ಎಂದರೆ ಬೆಟ್ಟದ ಆಸರೆಯಿಲ್ಲದೆ ಸಮನೆಲದ ಮೇಲೆ ಕಟ್ಟಿದ ಕೋಟೆ. ಇದಕ್ಕೆ ಎರಡು ಸುತ್ತಿನ ಗೋಡೆ. ಮೂರು ಕಡೆ ಕಂದಕ, ಪೂರ್ವಕ್ಕೆ ಕೆರೆ. ಕೋಟೆಯೊಳಗೆ ಹಳೆಯ ದೇವಾಲಯವೊಂದರ ಅವಶೇಷಗಳೂ ಇವೆ. ವಿಜಾಪುರದ ಆದಿಲಶಾಹಿಗೂ ಅಹಮದನಗರದ ನಿಜಾಮಶಾಹಿಗೂ ಸೊಲ್ಲಾಪುರ ಬಹುಕಾಲ ಕಲಹದ ಕಾರಣವಾಗಿತ್ತು. 1565ರ ತಾಳಿಕೋಟೆಯ ಯುದ್ಧಕ್ಕೆ ಸ್ವಲ್ಪ ಮುಂಚೆ ಅಹಮದನಗರದ ರಾಜಕುಮಾರಿ ಚಾಂದಬೀಬಿಯನ್ನು ಒಂದನೆಯ ಅಲಿ ಆದಿಲಶಹನಿಗೆ ಮದುವೆ ಮಾಡಿಕೊಟ್ಟಾಗ ಸೊಲ್ಲಾಪುರವು ಬಳುವಳಿಯಾಗಿ ವಿಜಾಪುರಕ್ಕೆ ಸೇರಿತು. ಒಂದು ಊರನ್ನೇ ಬಳುವಳಿ ಕೊಡಬಹುದೇ ಎಂದು ಮಕ್ಕಳು ಕೇಳದೆ ಇರುವುದಿಲ್ಲ. ಕೇಳಬೇಕಾದ ಪ್ರಶ್ನೆಯೇ ಅದು. 1818ರ ಮೇ ತಿಂಗಳಿನಲ್ಲಿ ಪೇಶವೆಯ ಸೈನ್ಯವನ್ನು ಸೋಲಿಸಿ ಈ ಕೋಟೆಯನ್ನು ಇಂಗ್ಲಿಷರಿಗೆ ಗೆದ್ದುಕೊಟ್ಟವನು ಥಾಮಸ್ ಮನ್ರೊ. ಬಳ್ಳಾರಿ, ಅನಂತಪುರ ಸೀಮೆಯ ರಯತವಾರಿ ಪದ್ಧತಿಯಿಂದ ಹೆಸರಾದವನೇ ಇವನು.

ಕಿಲ್ಲೆಯ ಪಕ್ಕದ ಹುತಾತ್ಮ ಬಾಗದ ಹೆಸರು ಇಪ್ಪತ್ತನೆಯ ಶತಮಾನದ್ದು. 1930ರ ಮೇ ತಿಂಗಳಿನಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ಬಂದೊಡನೆ ಸೊಲ್ಲಾಪುರ ಎದ್ದು ನಿಂತಿತು. ಸರಕಾರವು ಊರಿನ ಮೇಲೆ ಮಾರ್ಶಲ್ ಲಾ ಹೇರಿತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ ಹುಸೇನ, ಜಗನ್ನಾಥ ಶಿಂದೆ, ಶ್ರೀಕಿಸನ ಸಾರಡಾ ಎಂಬ ನಾಲ್ವರನ್ನು 1931ರ ಜನೇವರಿ 12ರಂದು ಪುಣೆಯ ಯೆರವಡಾ ಕಾರಾಗೃಹದಲ್ಲಿ ಗಲ್ಲಿಗೇರಿಸಲಾಯಿತು. ಈ ನಾಲ್ಕು ಹೆಸರುಗಳನ್ನು ಮಗುವೊಂದರಿಂದ ಗಟ್ಟಿಯಾಗಿ ಓದಿಸಿದರೆ ಊರಿನ ಸಮುದಾಯಗಳೇ ಸಾಲಾಗಿ ನಿಂತಂತಾಗುತ್ತದೆ. ಅಲ್ಲಿ ಬೇರೆ ಭಾಷಣ ಬೇಕಾಗುವುದಿಲ್ಲ.

ಮಾತಿನಲ್ಲಿ ಉಳಿದ ಕನ್ನಡ

ನಡಿಗೆಯ ಕೊನೆಯ ಭಾಗ ಕಿವಿಗೆ ಸೇರಿದ್ದು. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಊರ ಸುತ್ತಲಿನ ಅರವತ್ತೆಂಟು ಲಿಂಗಗಳ ದರ್ಶನಕ್ಕೆ ಹೊರಡುತ್ತವೆ. ಆ ದಿನದ ವಿಧಿಯನ್ನು ಮರಾಠಿ ವರ್ತಮಾನಪತ್ರಗಳು ಯಣ್ಣಿಮಜ್ಜನ ಎಂದು ಬರೆಯುತ್ತವೆ. ಲಿಂಗಗಳಿಗೆ ಎಣ್ಣೆಯ ಅಭಿಷೇಕ ಮಾಡುವ ಈ ವಿಧಿಯ ಹೆಸರು ಕನ್ನಡದ ಎಣ್ಣೆ ಮಜ್ಜನವೇ. ಮರುದಿನ, ಸಿದ್ಧರಾಮನ ಯೋಗದಂಡವನ್ನು ವರಿಸಿದ ಕುಂಬಾರ ಕನ್ಯೆಯ ಮದುವೆಯ ನೆನಪಿಗೆ ಸಮ್ಮತಿ ಕಟ್ಟೆಯ ಬಳಿ ಅಕ್ಷತೆ ಬೀಳುತ್ತದೆ. ಜಾತ್ರೆಯ ಕೊನೆಗೆ ನಂದಿಧ್ವಜಗಳ ವಸ್ತ್ರವನ್ನು ಇಳಿಸುವ ವಿಧಿಗೆ ಕಪ್ಪಡಕಳ್ಳಿ ಎಂಬ ಹೆಸರು. ಬಟ್ಟೆಗೆ ಕಪ್ಪಡ ಎಂಬುದು ಹಳಗನ್ನಡದ ಮಾತು; ಕಳೆ ಎಂದರೆ ತೆಗೆ. ಲಕ್ಷಾಂತರ ಜನ ಪ್ರತಿವರ್ಷ ಹಳಗನ್ನಡದ ಶಬ್ದವೊಂದನ್ನು ಉಚ್ಚರಿಸುತ್ತಾರೆ. ಅದರ ಅರ್ಥ ತಿಳಿದವರು ಎಷ್ಟು ಜನ? ಊರ ಹೆಸರೂ ಹಾಗೆಯೇ. ಸೋಳಾ, ಅಂದರೆ ಹದಿನಾರು, ಹಳ್ಳಿ ಕೂಡಿ ಸೋಲಾಪುರವಾಯಿತೆಂಬುದು ಜನರ ಮಾತು. ಶಾಸನಗಳ ಸೊನ್ನಲಿಗೆಯೇ ರೂಪ ಬದಲಿಸುತ್ತ ಸೋಲಾಪುರವಾಯಿತೆಂಬುದು ವಿದ್ವಾಂಸರ ಮಾತು.

ಕನ್ನಡ ಐಚ್ಛಿಕ ವಿದ್ಯಾರ್ಥಿಯ ಪಾಲು ಇಲ್ಲಿಂದ ಆರಂಭವಾಗುತ್ತದೆ. ಸೊಲ್ಲಾಪುರ, ಅಕ್ಕಲಕೋಟ, ಜತ್ತಗಳ ಅನೇಕ ಮನೆಗಳಲ್ಲಿ ಅಜ್ಜಿ ಕನ್ನಡದಲ್ಲಿ ಬೈಯುತ್ತಾಳೆ, ಮಗ ಮರಾಠಿಯಲ್ಲಿ ಲೆಕ್ಕ ಮಾಡುತ್ತಾನೆ, ಮೊಮ್ಮಗು ಇಂಗ್ಲಿಷಿನಲ್ಲಿ ಓದುತ್ತದೆ. ಕೆರೆಯ ದಂಡೆಯ ಮೇಲೆ ಈ ಮೂವರೂ ಒಟ್ಟಿಗೆ ನಡೆಯುವಾಗ ಶಬ್ದಗಳ ಭಂಡಾರ ಇರುವುದು ಅಜ್ಜಿಯ ಬಳಿ. ಮರಾಠಿಯ ಬಾಂಧ ಅವಳಿಗೆ ಏರಿ ಅಥವಾ ಒಡ್ಡು. ಸಾಂಡವಾ ಎಂದರೆ ಕೋಡಿ. ಗಾಳ ಎಂದರೆ ಹೂಳು. ಶೇವಾಳ ಎಂದರೆ ಪಾಚಿ ಅಥವಾ ಹಾವಸೆ. ಖಂಡ್ಯಾ ಎಂದರೆ ಮಿಂಚುಳ್ಳಿ. ಮನೆಯಲ್ಲಿ ಈ ಮಾತುಗಳಿಗೆ ಸಂದರ್ಭವೇ ಬರುವುದಿಲ್ಲ. ವಸ್ತು ಕಣ್ಣೆದುರು ಇದ್ದಾಗ ಮಾತ್ರ ಶಬ್ದ ತಾನಾಗಿ ನಾಲಗೆಗೆ ಬರುತ್ತದೆ. ಅವನ್ನು ಕೇಳಿಸಿಕೊಂಡು ಬರೆದಿಡುವವನಿಗೆ ಎರಡೂ ಭಾಷೆ ತಿಳಿದಿರಬೇಕು, ರಾಘವಾಂಕನೂ ಶೂನ್ಯಸಂಪಾದನೆಯೂ ತಿಳಿದಿರಬೇಕು. ಅಂಥ ಮಾರ್ಗದರ್ಶಕರನ್ನು ಸಿದ್ಧಗೊಳಿಸಬಲ್ಲ ಸ್ಥಳ ಗಡಿಭಾಗದ ಕನ್ನಡ ವಿಭಾಗವಲ್ಲದೆ ಬೇರೆ ಯಾವುದು?

ನಡಿಗೆಯ ಏರ್ಪಾಡು

ಕುಟುಂಬಗಳಿಗಾಗಿ ನಡೆಸುವ ಕಾರ್ಯಕ್ರಮಕ್ಕೆ ಕೆಲವು ಕಟ್ಟುಪಾಡುಗಳು ಬೇಕು. ಒಂದು ಗುಂಪಿನಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಜನರಿದ್ದರೆ ಹಿಂದಿನವರಿಗೆ ಮಾತು ಕೇಳಿಸದು. ಒಂದೂವರೆ ತಾಸು ಮೀರಿದರೆ ಮಕ್ಕಳು ದಣಿಯುತ್ತಾರೆ. ಹಿರಿಯರಿಗೆ ಹದಿನೈದು ನಿಮಿಷಕ್ಕೊಮ್ಮೆ ಕೂಡಲು ಕಟ್ಟೆ ಸಿಗಬೇಕು. ನೀರಿನ ಅಂಚಿನಲ್ಲಿ ಪ್ರತಿ ಚಿಕ್ಕ ಮಗುವಿನ ಕೈ ಒಬ್ಬ ದೊಡ್ಡವರ ಕೈಯಲ್ಲಿರಬೇಕು. ಕೋಟೆಯು ಪುರಾತತ್ತ್ವ ಇಲಾಖೆಯ ಸಂರಕ್ಷಣೆಯಲ್ಲಿರುವ ಸ್ಮಾರಕ. ಕಲ್ಲಿನ ಮೇಲೆ ಹೆಸರು ಕೊರೆಯುವುದು ಅಪರಾಧ. ಎಲ್ಲವನ್ನೂ ಒಂದೇ ದಿನ ಹೇಳುವ ಆತುರವೂ ಬೇಡ. ಒಂದು ರವಿವಾರ ನೀರು ಮತ್ತು ಹಕ್ಕಿ, ಇನ್ನೊಂದು ರವಿವಾರ ಸಿದ್ಧರಾಮ ಮತ್ತು ಅಲ್ಲಮ, ಮೂರನೆಯ ರವಿವಾರ ಕಿಲ್ಲೆ ಮತ್ತು ಬಾಗ ಎಂದು ಹಂಚಿಕೊಂಡರೆ ಬಂದವರು ಮರಳಿ ಬರುತ್ತಾರೆ. ನಡಿಗೆ ಮುಗಿದ ಮೇಲೆ ಬುತ್ತಿ ಬಿಚ್ಚಿ ಕೂಡುವ ಅರ್ಧ ತಾಸನ್ನು ಕಾರ್ಯಕ್ರಮದ ಭಾಗವೆಂದೇ ಎಣಿಸಬೇಕು. ಹಿರಿಯರ ಬಾಯಿಂದ ಹಳೆಯ ಮಾತುಗಳು ಹೊರಡುವುದು ಸಜ್ಜೆಯ ರೊಟ್ಟಿ, ಶೇಂಗಾ ಚಟ್ನಿಗಳ ಆ ಹೊತ್ತಿನಲ್ಲಿಯೇ.

ಸಿದ್ಧೇಶ್ವರ ಕೆರೆಯಷ್ಟು ಹೆಸರಾಗದ ಕೆರೆಗಳು ಅಕ್ಕಲಕೋಟ, ಜತ್ತ ತಾಲೂಕುಗಳ ಹಳ್ಳಿಗಳಲ್ಲಿಯೂ ಇವೆ. ಅಲ್ಲಿಯೂ ಏರಿಯ ಮೇಲೆ ಒಂದು ಗುಡಿ, ಗುಡಿಗೊಂದು ಕಥೆ, ಆ ಕಥೆಯನ್ನು ಬಲ್ಲ ಒಬ್ಬ ಮುದುಕಿ ಇರುತ್ತಾರೆ. ಕೆರೆಯ ಹೂಳನ್ನು ಯಾವ ಬೇಸಿಗೆಯಲ್ಲಿಯಾದರೂ ತೆಗೆಯಬಹುದು. ಆ ಮುದುಕಿ ತನ್ನೊಡನೆ ಕೊಂಡೊಯ್ದ ಮಾತನ್ನು ಮರಳಿ ತೆಗೆಯಲು ಬರುವುದಿಲ್ಲ. ಬರುವ ದೀಪಾವಳಿಯ ಸೂಟಿಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರ ಕೆರೆಗೆ ಮನೆಯ ಹಿರಿಯರೊಬ್ಬರನ್ನೂ ಒಂದು ಮಗುವನ್ನೂ ಕರೆದುಕೊಂಡು ಹೋಗಿ, ಕೇಳಿದ ಇಪ್ಪತ್ತು ಶಬ್ದಗಳನ್ನು ಬರೆದು ತಂದರೆ ಕೆಲಸ ಆರಂಭವಾದಂತೆಯೇ ಸರಿ.